ಮಾರಿದ ಮೇಲಿನ ಆಟ

ಸಾವೊ ಪಾಲೊ ನಗರದ ಪಶ್ಚಿಮ ಭಾಗದಲ್ಲಿ ಬಾರ್ರಾ ಫುಂಡಾ ಎಂಬ ಬಡಾವಣೆ. ಚಂದದ ಜಾಗವೇನಲ್ಲ. ಗೋದಾಮುಗಳು, ರೈಲು ಹಳಿಗಳು, ಕಾರ್ನಿವಲ್ ಹತ್ತಿರವಾದಾಗ ಸಾಂಬಾ ತಂಡಗಳು ತಮ್ಮ ತೇರು ಕಟ್ಟುವ ಎತ್ತರದ ಷೆಡ್ಡುಗಳು. ಲಾರಿ, ಬಸ್ಸು, ಮೋಟಾರ್‌ಬೈಕುಗಳ ಸದ್ದು ಒಂದು ಗಳಿಗೆಯೂ ಬಿಡುವು ಕೊಡದ ಮಾರ್ಕೇಸ್ ದಿ ಸಾವೊ ವಿಸೆಂಟೆ ಎಂಬ ಅಗಲ ರಸ್ತೆ. ಆ ರಸ್ತೆಗೆ ಮುಖ ಮಾಡಿ ಎರಡು ತರಬೇತಿ ಮೈದಾನಗಳಿವೆ. ಒಂದು ಸಾವೊ ಪಾಲೊ ಕ್ಲಬ್ಬಿನದು, ಇನ್ನೊಂದು ಪಾಲ್ಮೇರಾಸ್‌ನದು. ಹಾವು ಮುಂಗುಸಿಯಂಥ ಎರಡು ಕ್ಲಬ್ಬುಗಳಿಗೂ ಬೇಲಿ ಒಂದೇ. ಈ ಕಡೆಯವರು ಬೀಸಿ ಒದ್ದ ಚೆಂಡು ಆ ಕಡೆ ಬಿದ್ದರೆ ಯಾರು ಹೋಗಿ ಕೇಳಿ ತರುತ್ತಾರೋ ಕಾಣೆ.

ಪಾಲ್ಮೇರಾಸ್ ಇಟಲಿಯಿಂದ ವಲಸೆ ಬಂದವರು 1914ರಲ್ಲಿ ಕಟ್ಟಿದ ಕ್ಲಬ್. ಆಗಿನ ಹೆಸರು ಪಲೆಸ್ತ್ರಾ ಇಟಾಲಿಯಾ. ಎರಡನೇ ಮಹಾಯುದ್ಧದಲ್ಲಿ ಬ್ರೆಜಿಲ್ ಇಟಲಿಗೆ ಎದುರು ನಿಂತಾಗ ಆ ಹೆಸರು ಇಟ್ಟುಕೊಂಡು ಊರಲ್ಲಿ ಬಾಳುವುದು ಕಷ್ಟವಾಯಿತು. 1942ರಲ್ಲಿ ಹೆಸರು ಬದಲಾಯಿತು, ಹಸಿರು ಅಂಗಿ ಉಳಿಯಿತು. ಈ ಕ್ಲಬ್ಬಿನಲ್ಲಿ ಕಸ ಗುಡಿಸುವ, ನೆಲ ಒರೆಸುವ ಕೆಲಸಕ್ಕೆ ಸೇರಿದ ಒಬ್ಬ ಮನುಷ್ಯನ ಮಗನೇ ಎಂಡ್ರಿಕ್ ಫೆಲಿಪೆ ಮೊರೇರಾ ದಿ ಸೋಸಾ.

ಹುಟ್ಟಿದ್ದು 2006ರ ಜುಲೈ 21ರಂದು, ರಾಜಧಾನಿ ಬ್ರೆಸಿಲಿಯಾದ ಮಗ್ಗುಲಿನ ಟಾಗ್ವಾಟಿಂಗಾದಲ್ಲಿ. ಬೆಳೆದದ್ದು ಅಲ್ಲೇ ಗಡಿಯಾಚೆ ಇರುವ ವಲ್ಪರೈಸೊ ದಿ ಗೋಯಾಸ್‌ನಲ್ಲಿ. ಬ್ರೆಸಿಲಿಯಾ ಎಂದರೆ ನಕಾಶೆ ಬರೆದು ಕಟ್ಟಿದ ಊರು. ಅಗಲ ಬೀದಿ, ಬಿಳಿ ಕಾಂಕ್ರೀಟು, ಮಂತ್ರಿ ಮಹೋದಯರು. ಆ ಊರನ್ನು ಗುಡಿಸಿ ಸಾರಿಸುವವರು, ಅಡುಗೆ ಮಾಡುವವರು, ಕಾವಲು ಕಾಯುವವರು ಸಂಜೆಗೆ ಬಸ್ಸು ಹತ್ತಿ ಮರಳುವುದು ಇಂಥ ಸುತ್ತಲಿನ ಊರುಗಳಿಗೆ. ನಾಲ್ಕು ವರ್ಷಕ್ಕೆಲ್ಲ ಚೆಂಡಿನ ಹಿಂದೆ ಬಿದ್ದ ಮಗನ ಆಟವನ್ನು ತಂದೆ ವಿಡಿಯೊ ಮಾಡಿ ಯೂಟ್ಯೂಬಿಗೆ ಏರಿಸುತ್ತಿದ್ದ. ದೊಡ್ಡ ಕ್ಲಬ್ಬಿನ ಕಣ್ಣು ಎಲ್ಲಾದರೂ ಬೀಳಲಿ ಎಂಬ ಆಸೆ. ಆ ಮನೆಯ ಒಂದು ಸಂಗತಿಯನ್ನು ಎಂಡ್ರಿಕ್ ದೊಡ್ಡವನಾದ ಮೇಲೆ ಹೇಳಿಕೊಂಡಿದ್ದಾನೆ. ಒಂದು ದಿನ ಹಸಿವು ಎಂದು ಕೇಳಿದಾಗ ಮನೆಯಲ್ಲಿ ಏನೂ ಇರಲಿಲ್ಲ. ತಂದೆ ಕೂತು ಅತ್ತುಬಿಟ್ಟ. ಆಗ ಮಗ, ತಾನು ಫುಟ್‌ಬಾಲ್ ಆಟಗಾರನಾಗಿ ಈ ಕಷ್ಟ ಕಳೆಯುತ್ತೇನೆ ಅಂದನಂತೆ. ಬ್ರೆಜಿಲ್‌ನಲ್ಲಿ ಈ ಮಾತು ಆಡದ ಹುಡುಗರಿಲ್ಲ. ಆಡಿದ ಮಾತು ನಡೆಸಿದವರ ಕತೆ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ, ಉಳಿದವರು ಆ ಬಸ್ಸಿನಲ್ಲೇ ಇರುತ್ತಾರೆ.

ಹತ್ತು ವರ್ಷದ ಆಸುಪಾಸಿನಲ್ಲಿ ಸಾವಿರ ಕಿಲೋಮೀಟರ್ ದೂರದ ಸಾವೊ ಪಾಲೊಗೆ ಬಂದರು. ಮೊದಲು ನೋಡಿದ್ದು ಬೇಲಿಯಾಚೆಯ ಸಾವೊ ಪಾಲೊ ಕ್ಲಬ್ಬಿನವರೇ. ಹುಡುಗ ಹಿಡಿಸಿದ, ಮನೆಮಂದಿಯ ಹೊಟ್ಟೆಪಾಡಿನ ಮಾತು ಕೂಡಿ ಬರಲಿಲ್ಲ. ಪಾಲ್ಮೇರಾಸ್ ಹುಡುಗನ ಜೊತೆಗೆ ತಂದೆಗೂ ಒಂದು ಕೆಲಸ ಕೊಟ್ಟಿತು. ತಂದೆಗೆ ಹಲ್ಲಿನ ತೊಂದರೆ, ಗಟ್ಟಿ ಪದಾರ್ಥ ಜಗಿಯಲಾಗದು. ಊಟದ ಹೊತ್ತಿಗೆ ಬರೀ ಸೂಪು ಕುಡಿದು ಏಳುತ್ತಿದ್ದುದನ್ನು ಹಿರಿಯರ ತಂಡದ ಗೋಲ್‌ಕೀಪರ್ ಜೈಲ್ಸನ್ ಗಮನಿಸಿದ. ವಿಚಾರಿಸಿ, ಜೊತೆಯ ಆಟಗಾರರಿಂದ ದುಡ್ಡು ಕೂಡಿಸಿ, ದಂತವೈದ್ಯರ ಖರ್ಚು ನೋಡಿಕೊಂಡ. ಇದೂ ಮಗನೇ ಹೇಳಿದ್ದು. ಎಂಡ್ರಿಕ್ ಬಗ್ಗೆ ಬಂದಿರುವ ಬರಹಗಳಲ್ಲಿ ಗೋಲುಗಳ ಲೆಕ್ಕ ಬೇಕಾದಷ್ಟಿದೆ. ನನಗೆ ಮಾತ್ರ ಆ ಸೂಪಿನ ಬಟ್ಟಲು ಕಣ್ಣಿಗೆ ಕಟ್ಟಿದಷ್ಟು ಅವು ಕಟ್ಟುವುದಿಲ್ಲ.

ಕಿರಿಯರ ತಂಡಗಳಲ್ಲಿ ಅವನು ಪಂದ್ಯಕ್ಕೊಂದು ಗೋಲಿನಂತೆ ಹೊಡೆಯುತ್ತ ಹೋದ. ತನಗಿಂತ ಮೂರು ನಾಲ್ಕು ವರ್ಷ ದೊಡ್ಡವರ ನಡುವೆ ಆಡಿಸಿದರೂ ಅದೇ ಕತೆ. ಎತ್ತರದ ಆಳಲ್ಲ. ಗಿಡ್ಡ ಕತ್ತು, ದಪ್ಪ ತೊಡೆ, ನೆಲಕ್ಕೆ ಹತ್ತಿರದ ಓಟ, ಗುಂಡು ಹಾರಿದಂಥ ಎಡಗಾಲು. ಡಿಫೆಂಡರ್ ಬೆನ್ನಿಗೆ ಬಿದ್ದರೆ ಹಿಂದೆ ಒರಗಿ ಅವನ ಭಾರವನ್ನೇ ಬಳಸಿಕೊಂಡು ತಿರುಗಿಬಿಡುತ್ತಿದ್ದ.

ಪ್ರತಿ ಜನವರಿಯಲ್ಲಿ, ಹಿರಿಯರ ಫುಟ್‌ಬಾಲ್ ರಜೆಯಲ್ಲಿರುವಾಗ, ಸಾವೊ ಪಾಲೊ ರಾಜ್ಯದ ಊರೂರುಗಳಲ್ಲಿ ಕೊಪಿನ್ಯಾ ನಡೆಯುತ್ತದೆ. ಕಿರಿಯರ ಕಪ್, 1969ರಿಂದ ಬಂದದ್ದು. ಸುಡುವ ಬಿಸಿಲು, ನಾಲ್ಕು ಗಂಟೆಗೆ ದಬದಬ ಸುರಿಯುವ ಮಳೆ, ಊರಿನ ಪುಟ್ಟ ಸ್ಟೇಡಿಯಂ, ಜಗಲಿಯಂಥ ಮೆಟ್ಟಿಲುಗಳ ಮೇಲೆ ಕೂತ ಏಜೆಂಟರು, ಕೈಯಲ್ಲಿ ನೋಟ್‌ಬುಕ್ಕು. 2022ರಲ್ಲಿ 128 ತಂಡಗಳಿದ್ದವು. ಎಂಡ್ರಿಕ್‌ಗೆ ಹದಿನೈದು, ಎದುರಾಳಿಗಳಲ್ಲಿ ಎಷ್ಟೋ ಜನಕ್ಕೆ ಇಪ್ಪತ್ತರ ಹತ್ತಿರ. ಓಯೆಸ್ತೆ ತಂಡದ ಎದುರು ಪೆನಾಲ್ಟಿ ಚೌಕದ ಅಂಚಿನಲ್ಲಿ ಗೋಲಿಗೆ ಬೆನ್ನು ಹಾಕಿ ನಿಂತವನು, ಗಾಳಿಯಲ್ಲಿ ಬಂದ ಚೆಂಡಿಗೆ ನೆಗೆದು ತಲೆಯ ಮೇಲಿಂದ ಒದ್ದ. ಗೋಲ್‌ಕೀಪರ್ ಹಿಂದಕ್ಕೆ ಹೆಜ್ಜೆ ಹಾಕುತ್ತ ಹಾಕುತ್ತ ಬಲೆಯೊಳಗೇ ಹೋದ. ಆ ಹತ್ತು ಸೆಕೆಂಡಿನ ವಿಡಿಯೊ ಬೆಳಗಾಗುವಷ್ಟರಲ್ಲಿ ಮ್ಯಾಡ್ರಿಡ್, ಬಾರ್ಸಿಲೋನಾ, ಪ್ಯಾರಿಸ್ ಸುತ್ತಿ ಬಂದಿತ್ತು.

ಕೊಪಿನ್ಯಾದ ಫೈನಲ್ ನಡೆಯುವುದು ಜನವರಿ 25ಕ್ಕೆ, ಸಾವೊ ಪಾಲೊ ನಗರದ ಹುಟ್ಟುಹಬ್ಬದ ದಿನ. ಆ ವರ್ಷ ಪಾಲ್ಮೇರಾಸ್‌ನ ಸ್ವಂತ ಅಂಗಳ ಅಲಿಯಾನ್ಸ್ ಪಾರ್ಕ್‌ನಲ್ಲೇ ನಡೆಯಿತು. ಹೊರಗಿನ ಬೀದಿಯಲ್ಲಿ ಕೆಂಡದ ಮೇಲೆ ಹಂದಿಮಾಂಸ ಸುಟ್ಟು ಬ್ರೆಡ್ಡಿನ ನಡುವೆ ತುರುಕಿ ಕೊಡುವ ಗಾಡಿಗಳು, ಈರುಳ್ಳಿ ಹುರಿದ ವಾಸನೆ, ಹಸಿರು ಅಂಗಿ ತೊಟ್ಟ ಅಜ್ಜಂದಿರು. ಹಂದಿ ಎಂಬುದು ಒಂದು ಕಾಲಕ್ಕೆ ವೈರಿಗಳು ಪಾಲ್ಮೇರಾಸ್‌ನವರಿಗೆ ಬೈಯುತ್ತಿದ್ದ ಬೈಗುಳ. ಇವರು ಅದನ್ನೇ ಬಾವುಟದ ಮೇಲೆ ಬರೆಸಿಕೊಂಡು ಬೈದವರ ಬಾಯಿ ಕಟ್ಟಿಸಿದರು. ಆದರೆ ಇನ್ನೊಂದು ಗೇಲಿಗೆ ಉತ್ತರವಿರಲಿಲ್ಲ: ಈ ಕ್ಲಬ್ಬಿಗೆ ಕೊಪಿನ್ಯಾನೂ ಇಲ್ಲ, ವಿಶ್ವ ಕ್ಲಬ್ ಕಪ್ಪೂ ಇಲ್ಲ ಎಂಬುದು. ಅಂದು ಸಾಂತೋಸ್ ಎದುರು 4-0. ಎಂಡ್ರಿಕ್‌ನದೂ ಒಂದು ಗೋಲು. ಗೇಲಿಯ ಅರ್ಧ ಅಲ್ಲಿಗೆ ಕಳಚಿತು. ಹಿರಿಯರ ತಂಡ ಫೆಬ್ರವರಿ 12ಕ್ಕೆ ಅಬುಧಾಬಿಯಲ್ಲಿ ವಿಶ್ವ ಕ್ಲಬ್ ಫೈನಲ್ ಆಡಿ, ಹೆಚ್ಚುವರಿ ಸಮಯದಲ್ಲಿ ಚೆಲ್ಸಿಗೆ 2-1ರಲ್ಲಿ ಸೋತಿತು. ಇನ್ನರ್ಧ ಉಳಿಯಿತು.

ಬ್ರೆಜಿಲ್ ಕಾನೂನಿನಲ್ಲಿ ಹದಿನಾರು ತುಂಬುವವರೆಗೆ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕುವಂತಿಲ್ಲ. 2022ರ ಜುಲೈ 21ರ ಹುಟ್ಟುಹಬ್ಬದಂದೇ ಎಂಡ್ರಿಕ್ ಸಹಿ ಹಾಕಿದ. ಕೊಂಡೊಯ್ಯಬೇಕಾದವರು ಕಟ್ಟಬೇಕಾದ ಮೊತ್ತ 6 ಕೋಟಿ ಯೂರೋ ಎಂದು ಒಪ್ಪಂದದಲ್ಲಿ ಬರೆದಿಟ್ಟರು. ಹಿರಿಯರ ತಂಡದಲ್ಲಿ ಅವನಿನ್ನೂ ಒಂದು ನಿಮಿಷವೂ ಆಡಿರಲಿಲ್ಲ. ಅಕ್ಟೋಬರ್ 6ಕ್ಕೆ ಕೊರಿಚಿಬಾ ಎದುರು, ಎರಡನೇ ಅರ್ಧದ ನಡುವೆ, ಬದಲಿ ಆಟಗಾರನಾಗಿ ಇಳಿದ. ಹದಿನಾರು ವರ್ಷ ಎರಡು ತಿಂಗಳು. ಪಾಲ್ಮೇರಾಸ್ ಚರಿತ್ರೆಯಲ್ಲೇ ಅತಿ ಕಿರಿಯ. ಅದೇ ತಿಂಗಳ 25ಕ್ಕೆ ಅಥ್ಲೆಟಿಕೊ ಪರಾನಾಯೆನ್ಸೆಯ ಅಂಗಳದಲ್ಲಿ ಎರಡು ಗೋಲು. ನವೆಂಬರ್ 2ಕ್ಕೆ ಫೋರ್ಟಲೇಝಾ ಎದುರು ಇನ್ನೊಂದು, ರಾಷ್ಟ್ರೀಯ ಲೀಗ್ ಗೆದ್ದ ಸಂಭ್ರಮದ ರಾತ್ರಿ. ಏಳು ಪಂದ್ಯ, ಮೂರು ಗೋಲು. ಅಷ್ಟೇ ಅವನ ವೃತ್ತಿಜೀವನ, ರಿಯಲ್ ಮ್ಯಾಡ್ರಿಡ್ ಡಿಸೆಂಬರ್ 15ಕ್ಕೆ ಖರೀದಿ ಘೋಷಿಸಿದಾಗ. ಬೋನಸ್ಸು, ತೆರಿಗೆ ಎಲ್ಲ ಕೂಡಿ 7 ಕೋಟಿ ಯೂರೋ ದಾಟಬಹುದೆಂದು ಪತ್ರಿಕೆಗಳು ಲೆಕ್ಕ ಹಾಕಿದವು. ಕತಾರ್ ವಿಶ್ವಕಪ್‌ನಲ್ಲಿ ಕ್ರೊಯೇಶಿಯಾಗೆ ಸೋತು ಬ್ರೆಜಿಲ್ ಹೊರಬಿದ್ದು ಇನ್ನೂ ವಾರ ತುಂಬಿರಲಿಲ್ಲ, ಸೂತಕದ ಮನೆಗೆ ಸಿಹಿ ಸುದ್ದಿ ಬಂದಂತಾಯಿತು ಕೆಲವರಿಗೆ. ಇದೂ ಒಂದು ಸೂತಕವೇ ಅಂದರು ಕೆಲವರು.

ಸರಿಯಾಗಿ ಎರಡು ವಾರಕ್ಕೆ, ಡಿಸೆಂಬರ್ 29ಕ್ಕೆ, ಪೆಲೆ ತೀರಿಕೊಂಡರು. ಅವರು ಸಾಂತೋಸ್ ಕ್ಲಬ್ಬಿಗೆ ಆಡಲು ಇಳಿದದ್ದು 1956ರಲ್ಲಿ, ಹದಿನೈದನೇ ವಯಸ್ಸಿನಲ್ಲಿ. ಬಿಟ್ಟದ್ದು 1974ರಲ್ಲಿ. ಯೂರೋಪಿನ ಕ್ಲಬ್ಬುಗಳು ಥೈಲಿ ಹಿಡಿದು ಬಾಗಿಲಲ್ಲಿ ನಿಂತರೂ ಆಳನ್ನು ಬಿಟ್ಟುಕೊಟ್ಟಿರಲಿಲ್ಲ. ಆಗ ಆಟಗಾರನ ಹಕ್ಕುಪತ್ರ ಕ್ಲಬ್ಬಿನ ಬೀರುವಿನಲ್ಲಿರುತ್ತಿತ್ತು, ಒಪ್ಪಂದ ಮುಗಿದರೂ ಅವನು ಕ್ಲಬ್ಬಿನ ಸೊತ್ತೇ. ಆ ಪದ್ಧತಿಗೆ ಕೊನೆ ಹಾಡಿದ 1998ರ ಕಾನೂನಿಗೆ, ಕ್ರೀಡಾಮಂತ್ರಿಯಾಗಿದ್ದ ಅವರದೇ ಹೆಸರು. ಆಟಗಾರನಿಗೆ ಬಿಡುಗಡೆ ಸಿಕ್ಕಿತು, ಒಳ್ಳೆಯದೇ. ಅದರ ಜೊತೆಗೆ ಕ್ಲಬ್ಬುಗಳು ಒಂದು ಪಾಠವನ್ನೂ ಕಲಿತವು: ಹುಡುಗ ಒಪ್ಪಂದ ಮುಗಿಸಿ ಬರಿಗೈ ಬೀಸಿಕೊಂಡು ಹೋಗುವ ಮುಂಚೆ ಮಾರಬೇಕು. ಬೇಗ ಮಾರಿದಷ್ಟೂ ಲಾಭ.

ರಿಯಲ್ ಮ್ಯಾಡ್ರಿಡ್‌ಗೂ ಇದು ಹೊಸದಲ್ಲ. ವಿನಿಸಿಯಸ್ ಜೂನಿಯರ್ 2017ರ ಮೇ ತಿಂಗಳಲ್ಲಿ ಫ್ಲಮೆಂಗೊ ಪರ ಮೊದಲ ಪಂದ್ಯದ ಕೊನೆಯ ನಿಮಿಷಗಳನ್ನಷ್ಟೇ ಆಡಿ, ಹತ್ತು ದಿನಕ್ಕೆ 4.5 ಕೋಟಿ ಯೂರೋಗೆ ಬಿಕರಿಯಾಗಿದ್ದ. ಮರುವರ್ಷ ಸಾಂತೋಸ್‌ನ ರೊಡ್ರಿಗೊ. ಆಮೇಲೆ 2020ರಲ್ಲಿ ರೇನಿಯರ್, ಆ ಹುಡುಗನಿಗೆ ಮ್ಯಾಡ್ರಿಡ್‌ನ ಹಿರಿಯರ ತಂಡದಲ್ಲಿ ಒಂದು ಅಧಿಕೃತ ಪಂದ್ಯವೂ ದಕ್ಕಲಿಲ್ಲ. ಅವನ ಹೆಸರನ್ನು ಯಾರೂ ಎಂಡ್ರಿಕ್ ಎದುರು ಎತ್ತುತ್ತಿರಲಿಲ್ಲವೇನೋ.

ಫಿಫಾ ನಿಯಮದಂತೆ ಹದಿನೆಂಟಕ್ಕೆ ಮುಂಚೆ ಹುಡುಗರು ದೇಶ ದಾಟಿ ಬೇರೆ ಕ್ಲಬ್ಬಿಗೆ ಹೋಗುವಂತಿಲ್ಲ. ಹಾಗಾಗಿ 2024ರ ಜುಲೈವರೆಗೆ ಕಾಯಬೇಕು. ಹತ್ತೊಂಬತ್ತು ತಿಂಗಳು. ನಿಶ್ಚಿತಾರ್ಥ ಮುಗಿದ ಹೆಣ್ಣುಮಗಳು ತವರಿನಲ್ಲಿ ಕಳೆಯುವ ದಿನಗಳಂತೆ ಅವು. ಪ್ರೀತಿಗೆ ಕೊರತೆಯಿಲ್ಲ, ಆದರೆ ಯಾವ ಕೆಲಸ ಕೈಗೆತ್ತಿಕೊಂಡರೂ ಇವಳು ಹೋಗುವವಳು ಎಂಬ ಲೆಕ್ಕ ಎಲ್ಲರ ಮನಸ್ಸಿನಲ್ಲಿ ಓಡುತ್ತಿರುತ್ತದೆ. ಕಾಲಿಗೆ ಪೆಟ್ಟಾದರೆ? ಮನಸ್ಸು ಆಗಲೇ ಮ್ಯಾಡ್ರಿಡ್ ಸೇರಿದ್ದರೆ? ಕೊಂಡವರ ಸರಕನ್ನು ಜೋಪಾನವಾಗಿಟ್ಟು ಒಪ್ಪಿಸುವುದಷ್ಟೇ ನಮ್ಮ ಕೆಲಸವೆ? ಗ್ಯಾಲರಿಯಲ್ಲಿ, ಬಾರಿನ ಕಟ್ಟೆಯ ಮೇಲೆ, ರೇಡಿಯೊದಲ್ಲಿ ಇದೇ ಮಾತು.

2023ರ ಮೊದಲ ತಿಂಗಳುಗಳು ಅದಕ್ಕೆ ಸರಿಯಾಗಿಯೇ ಬಂದವು. ಬೆನ್ನ ಮೇಲೆ 9ನೇ ನಂಬರು. ಜನವರಿ ಹೋಯಿತು, ಫೆಬ್ರವರಿ ಹೋಯಿತು, ಮಾರ್ಚೂ ಹೋಯಿತು, ಗೋಲಿಲ್ಲ. ಚೆಂಡು ಕಾಲಿಗೆ ಬರುವ ಮೊದಲೇ ಗೋಲಿನತ್ತ ನೋಡುತ್ತಿದ್ದ, ಒದೆತ ಆಕಾಶಕ್ಕೆ ಹೋಗುತ್ತಿತ್ತು. ಸಾಮಾಜಿಕ ಜಾಲತಾಣಗಳಲ್ಲಿ ಬೇರೆ ಕ್ಲಬ್ಬಿನವರು ಅವನ ಬೆಲೆಯನ್ನು ನಿಮಿಷಕ್ಕೆ ಇಷ್ಟು, ತಪ್ಪಿದ ಒದೆತಕ್ಕೆ ಇಷ್ಟು ಎಂದು ಭಾಗಿಸಿ ಹಾಕುತ್ತಿದ್ದರು. ಏಪ್ರಿಲ್‌ನ ರಾಜ್ಯ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ, ಡಿಯಾದೆಮಾ ಊರಿನ ಬಯಲಾಟದಿಂದ ಮೇಲೆ ಬಂದ ಆಗ್ವಾ ಸಾಂತಾ ಎಂಬ ಪುಟ್ಟ ತಂಡದ ಎದುರು, ಕೊನೆಗೂ ಗೋಲು ಬಂತು. ಬರ ಮುಗಿಯಿತು ಎಂದುಕೊಂಡರು. ಮುಗಿದಿರಲಿಲ್ಲ. ಲೀಗ್ ಶುರುವಾದ ಮೇಲೆ ಕೋಚ್ ಆಬೆಲ್ ಫೆರೇರಾ ಅವನನ್ನು ಹೆಚ್ಚಾಗಿ ಬೆಂಚಿನ ಮೇಲೇ ಕೂರಿಸಿದ.

ಆಬೆಲ್ ಪೋರ್ಚುಗಲ್‌ನವನು. 2020ರ ಕೊನೆಗೆ ಬಂದು, ಎರಡು ಸಲ ದಕ್ಷಿಣ ಅಮೆರಿಕದ ಕ್ಲಬ್ಬುಗಳ ಲಿಬರ್ಟಡೋರೆಸ್ ಕಪ್ ಗೆಲ್ಲಿಸಿಕೊಟ್ಟವನು. ಗೆರೆಯ ಆಚೆ ನಿಂತು ಎರಡೂ ತೋಳು ಬೀಸುತ್ತ ರೆಫರಿಗಳ ಹತ್ತಿರ ಕಾರ್ಡು ತಿನ್ನುವವನು. ಹುಡುಗರ ವಿಷಯದಲ್ಲಿ ಮಾತ್ರ ವಿಪರೀತ ನಿಧಾನಿ. ಅವನ ಮೇಲೆ ಟೀಕೆ ಸುರಿಯಿತು, ನಾನಾದರೂ ಅವನ ಪರ. ಎರಡು ವರ್ಷಕ್ಕೆ ಬಾಡಿಗೆಗೆ ಇದ್ದವನಂತೆ ಎಲ್ಲರೂ ನೋಡುತ್ತಿದ್ದ ಹುಡುಗನನ್ನು ಅವನೊಬ್ಬ ಮಾತ್ರ ಮಾಮೂಲು ಹದಿನಾರರ ಹುಡುಗನಂತೆ ಕಂಡ. ಸರಿಯಾಗಿ ಆಡಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಆಗಸ್ಟಿನಲ್ಲಿ ಅನುಭವಿ ದುದುನ ಮೊಣಕಾಲು ಹೋಯಿತು. ಅಕ್ಟೋಬರ್ 5ಕ್ಕೆ ಲಿಬರ್ಟಡೋರೆಸ್ ಸೆಮಿಫೈನಲ್‌ನಲ್ಲಿ ಬೋಕಾ ಜೂನಿಯರ್ಸ್‌ಗೆ ಪೆನಾಲ್ಟಿಯಲ್ಲಿ ಸೋತು ಹೊರಬಿದ್ದರು. ಆ ರಾತ್ರಿ ದ್ವಿತೀಯಾರ್ಧಕ್ಕೆ ಇಳಿದ ಎಂಡ್ರಿಕ್ ಆಟದ ದಿಕ್ಕನ್ನೇ ಬದಲಿಸಿದ್ದನ್ನು ಊರೆಲ್ಲ ನೋಡಿತು. ಅಲ್ಲಿಂದ ಅವನ ಜಾಗ ಅವನದಾಯಿತು.

ಈಗ ನವೆಂಬರ್ 1, ಬುಧವಾರ ರಾತ್ರಿ, ರಿಯೊ.

ಎಂಜೆನ್ಯೊ ದಿ ಡೆಂತ್ರೊ ರಿಯೊದ ಉತ್ತರ ಭಾಗದ ಬಡಾವಣೆ. ಪೋಸ್ಟ್‌ಕಾರ್ಡಿನಲ್ಲಿ ಕಾಣುವ ಸಮುದ್ರ, ಬೆಟ್ಟ, ಯೇಸುವಿನ ಮೂರ್ತಿಯಿಂದ ದೂರ. ಲೋಕಲ್ ರೈಲು ಇಳಿದರೆ ಎದುರಿಗೇ ನಿಲ್ಟನ್ ಸಾಂತೋಸ್ ಸ್ಟೇಡಿಯಂ, ಮೇಲೆ ನಾಲ್ಕು ಬಿಳಿ ಕಮಾನು. 2007ರ ಪ್ಯಾನ್ ಅಮೆರಿಕನ್ ಕ್ರೀಡಾಕೂಟಕ್ಕೆ ಕಟ್ಟಿದ್ದು, 2016ರ ಒಲಿಂಪಿಕ್ಸ್‌ನಲ್ಲಿ ಓಟಗಾರರು ಓಡಿದ್ದು ಇಲ್ಲೇ. ಇದು ಬೊಟಾಫೊಗೊ ಕ್ಲಬ್ಬಿನ ಮನೆ. ಕಪ್ಪು ಬಿಳುಪು ಪಟ್ಟೆಯ ಅಂಗಿ, ಎದೆಯ ಮೇಲೆ ಒಂಟಿ ನಕ್ಷತ್ರ, ಗ್ಯಾರಿಂಚಾ ಆಡಿದ ಕ್ಲಬ್. ಅಲ್ಲಿಯವರೆಗೆ ಕಡೆಯ ಸಲ ರಾಷ್ಟ್ರೀಯ ಲೀಗ್ ಗೆದ್ದದ್ದು 1995ರಲ್ಲಿ. ಈ ವರ್ಷ ತಿಂಗಳುಗಟ್ಟಲೆ ಪಟ್ಟಿಯ ತುದಿಯಲ್ಲಿ ಕೂತಿದೆ. ಜನ ನಂಬಲೋ ಬೇಡವೋ ಎಂದು ಹೆದರಿ ಹೆದರಿ ನಂಬತೊಡಗಿದ್ದಾರೆ. ಏಕೆಂದರೆ ಕೆಲವು ಅನಾಹುತಗಳು ಬೊಟಾಫೊಗೊಗೆ ಮಾತ್ರ ಆಗುತ್ತವೆ ಎಂಬ ಹಳೆಯ ಮಾತು ಆ ದೇಶದಲ್ಲಿದೆ, ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವರು ಬೊಟಾಫೊಗೊದವರೇ.

ಮೊದಲ ಅರ್ಧದಲ್ಲಿ ಅಂಥದ್ದೇನೂ ಸುಳಿಯಲಿಲ್ಲ. ಎಡುವಾರ್ಡೊ ಒಂದು, ಚೆ ಚೆ ಒಂದು, ಜೂನಿಯರ್ ಸಾಂತೋಸ್ ಒಂದು. 3-0. ಹಸಿರು ಅಂಗಿಯವರು ತಲೆ ತಗ್ಗಿಸಿ ಸುರಂಗದೊಳಗೆ ನಡೆದರು. ಗ್ಯಾಲರಿ ಕುಣಿಯುತ್ತಿತ್ತು. ಪಕ್ಕದವನ ಗುರುತಿಲ್ಲದಿದ್ದರೂ ತಬ್ಬಿಕೊಂಡು ಅಳುವ ಸಂತೋಷ. ಇಪ್ಪತ್ತೆಂಟು ವರ್ಷದ ಬಾಕಿ ತೀರುವ ಹೊತ್ತು ಬಂದಿತ್ತು.

ದ್ವಿತೀಯಾರ್ಧ ಶುರುವಾಗಿ ನಾಲ್ಕೇ ನಿಮಿಷ. ಗೋಲಿನಿಂದ ಸಾಕಷ್ಟು ದೂರದಲ್ಲಿ ಎಂಡ್ರಿಕ್‌ಗೆ ಚೆಂಡು ಸಿಕ್ಕಿತು. ಅಲ್ಲಿಂದ ಯಾರಿಗಾದರೂ ಕೊಡುವುದು ರೂಢಿ. ಕೊಡಲಿಲ್ಲ. ಒಬ್ಬ ಅಡ್ಡ ಬಂದ, ಅವನ ಮಗ್ಗುಲಿನಿಂದ ನುಸುಳಿದ. ಇಬ್ಬರು ಕೂಡಿ ಬಾಗಿಲು ಹಾಕಿಕೊಂಡಂತೆ ನಿಂತರು, ನಡುವೆ ಒಂದು ಮೊಳ ಸಂದಿ, ಭುಜ ಮುಂದೆ ಮಾಡಿ ಅದರೊಳಗೇ ನುಗ್ಗಿದ. ಚೆಂಡು ಒಂದು ಕ್ಷಣ ಯಾರದೂ ಅಲ್ಲದಂತೆ ಪುಟಿಯಿತು, ಮತ್ತೆ ಅವನ ಕಾಲಿಗೇ ಬಂತು. ಅವನು ಓಡುವಾಗ ಕಾಲು ನೋಡುವುದಕ್ಕಿಂತ ಕತ್ತು ನೋಡಬೇಕು. ತಲೆ ಅಲುಗಾಡುವುದಿಲ್ಲ, ಕೆಳಗೆ ನಡೆಯುವ ರಂಪ ತನ್ನದಲ್ಲ ಎಂಬಂತೆ. ಒಳಗೆ ಹೋದವನೇ ಎಡಗಾಲಲ್ಲಿ ಒದ್ದ. ಗೋಲ್‌ಕೀಪರ್ ಲುಕಾಸ್ ಪೆರ್ರಿಗೆ ಸಿಗಲಿಲ್ಲ. 3-1. ಸಂಭ್ರಮಿಸಲಿಲ್ಲ. ಚೆಂಡು ಎತ್ತಿಕೊಂಡು ನಡುಗೆರೆಗೆ ಓಡಿದ.

ಗ್ಯಾಲರಿಗೆ ಅದು ಒಂದು ಚೂರು ಕಿರಿಕಿರಿ ಅಷ್ಟೆ. ಆದರೆ 76ನೇ ನಿಮಿಷಕ್ಕೆ ಡಿಫೆಂಡರ್ ಆದ್ರಿಯೆಲ್ಸನ್‌ಗೆ ಕೆಂಪು ಕಾರ್ಡು. ಕುಣಿತ ನಿಂತಿತು. ಸ್ವಲ್ಪ ಹೊತ್ತಿಗೆ ಬೊಟಾಫೊಗೊಗೇ ಪೆನಾಲ್ಟಿ. ಇದು ಹೋದರೆ 4-1, ಕತೆ ಮುಗಿದಂತೆ. ಒದೆಯಲು ಬಂದವನು ಅವರ ನೆಚ್ಚಿನ ಗೋಲುಗಾರ ಚಿಕಿನ್ಯೊ ಸೋರೆಸ್. ಪಾಲ್ಮೇರಾಸ್‌ನ ಗೋಲ್‌ಕೀಪರ್ ವೆವರ್ಟನ್ ತಡೆದ. ಆ ಗಳಿಗೆಯಲ್ಲಿ ಸ್ಟೇಡಿಯಂನಲ್ಲಿದ್ದವರಿಗೆಲ್ಲ ಆ ಹಳೆಯ ಮಾತು ನೆನಪಾಗಿರಬೇಕು. ಉಸಿರು ಬಿಡುವಷ್ಟರಲ್ಲಿ, 84ನೇ ನಿಮಿಷ, ಚೆಂಡು ಆ ತುದಿಯಿಂದ ಈ ತುದಿಗೆ ಬಂದಿತ್ತು, ಪೆನಾಲ್ಟಿ ಚೌಕದೊಳಗೆ ಎಂಡ್ರಿಕ್ ಇದ್ದ. 3-2. 89ಕ್ಕೆ ಅರ್ಜೆಂಟೀನಾದ ಫ್ಲಾಕೊ ಲೋಪೆಸ್, 3-3. ಹೆಚ್ಚುವರಿಯ ಒಂಬತ್ತನೇ ನಿಮಿಷದಲ್ಲಿ ಡಿಫೆಂಡರ್ ಮುರಿಲೊ, 3-4. ಪಟ್ಟೆ ಅಂಗಿಯವರಲ್ಲಿ ಕೆಲವರು ಮೈದಾನದಲ್ಲೇ ಮಲಗಿಬಿಟ್ಟರು. ಹಸಿರು ಅಂಗಿಯವರು ಒಬ್ಬರ ಮೇಲೊಬ್ಬರು ಬಿದ್ದ ರಾಶಿಯ ಅಡಿಯಲ್ಲೆಲ್ಲೋ ಮ್ಯಾಡ್ರಿಡ್‌ಗೆ ಸೇರಿದ ಹದಿನೇಳರ ಹುಡುಗನೂ ಇದ್ದ.

ಬೊಟಾಫೊಗೊ ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ. ಗೆಲ್ಲಬೇಕಾದ ಪಂದ್ಯಗಳನ್ನು ಕೊನೆಯ ನಿಮಿಷಗಳಲ್ಲಿ ಕೈಚೆಲ್ಲುತ್ತ ಲೀಗ್ ಮುಗಿಯುವಾಗ ಐದನೇ ಸ್ಥಾನಕ್ಕೆ ಇಳಿದಿತ್ತು. ಡಿಸೆಂಬರ್ 6ಕ್ಕೆ ಬೆಲೊ ಒರಿಝೊಂಚೆಯ ಮಿನೇರಾವ್‌ನಲ್ಲಿ ಕ್ರುಝೇರೊ ಎದುರು 1-1, ಗೋಲು ಎಂಡ್ರಿಕ್‌ನದು, ಪಟ್ಟ ಪಾಲ್ಮೇರಾಸ್‌ಗೆ. ಆ ಲೀಗ್‌ನಲ್ಲಿ ಅವನದು ಒಟ್ಟು 11 ಗೋಲು. ಒಂದನ್ನು ಗಮನಿಸಿ. ಮಾರುವ ಮುನ್ನ ಹಿರಿಯರ ತಂಡಕ್ಕೆ ಅವನು ಕೊಟ್ಟದ್ದು ಮೂರು ಗೋಲು. ಕ್ಲಬ್ಬಿಗೆ ಪಟ್ಟ ತಂದ ಆಟವೆಲ್ಲ ಮಾರಿದ ಮೇಲಿನದು. ಮಾರಾಟದ ಮಾತು ಆಗಲೇ ಮುಗಿದಿತ್ತು. ಕಾಲು ಉಳಿಸಿಕೊಂಡು, ಬೇಲಿ ಮೇಲೆ ಕೂತು ದಿನ ಎಣಿಸಿದ್ದರೂ ಯಾರೂ ಕೇಳುವವರಿರಲಿಲ್ಲ. ಆಟಗಾರನ ಮನಸ್ಸು ಎಲ್ಲಿರುತ್ತದೆ ಎಂದು ಗುತ್ತಿಗೆ ಕಾಗದ ನೋಡಿ ಹೇಳುವವರಿಗೆ ಎಂಜೆನ್ಯೊ ದಿ ಡೆಂತ್ರೊದ ಆ ದ್ವಿತೀಯಾರ್ಧವನ್ನು ತೋರಿಸಬೇಕು.

ಮಿನೇರಾವ್‌ನ ಆ ರಾತ್ರಿಯೇ ಪಾಲ್ಮೇರಾಸ್ ಪರ ಇನ್ನೊಬ್ಬ ಹುಡುಗ ಮೊದಲ ಸಲ ಮೈದಾನಕ್ಕಿಳಿದ. ಎಸ್ತೆವಾವ್, 2007ರ ಏಪ್ರಿಲ್‌ನಲ್ಲಿ ಹುಟ್ಟಿದವನು. ಎಡಗಾಲಿನವನೇ, ಆದರೆ ಎಂಡ್ರಿಕ್‌ನಂತೆ ಎತ್ತಿನ ಮೈಯಲ್ಲ, ಬಲ ಅಂಚಿನಲ್ಲಿ ಬಳುಕುವ ಬೆತ್ತ. ಅವನ ಕಡೆಗೆ ಆಮೇಲೆ ಬರೋಣ.

ದೇಶದ ತಂಡ ಆ ಹೊತ್ತಿಗೆ ಹಾಳುಬಿದ್ದಿತ್ತು. ಉರುಗ್ವೆ, ಕೊಲಂಬಿಯಾ, ಅರ್ಜೆಂಟೀನಾ, ಸಾಲಾಗಿ ಮೂರು ವಿಶ್ವಕಪ್ ಅರ್ಹತಾ ಪಂದ್ಯಗಳ ಸೋಲು. ಬರಾಂಕಿಯಾದಲ್ಲಿ ಕೊಲಂಬಿಯಾ ಎದುರಿನ ಸೋಲಿನಲ್ಲೇ ಎಂಡ್ರಿಕ್ ಮೊದಲ ಸಲ ಹಳದಿ ಅಂಗಿ ತೊಟ್ಟದ್ದು; 1994ರ ರೊನಾಲ್ಡೊ ನಂತರ ಅಷ್ಟು ಕಿರಿಯ ಯಾರೂ ಇರಲಿಲ್ಲ. 2024ರ ಮಾರ್ಚ್ 23ಕ್ಕೆ ಲಂಡನ್‌ನ ವೆಂಬ್ಲಿಯಲ್ಲಿ ಇಂಗ್ಲೆಂಡ್. ಹೊಸ ಕೋಚ್ ಡೊರಿವಾಲ್ ಜೂನಿಯರ್‌ಗೆ ಮೊದಲ ಪಂದ್ಯ. 80ನೇ ನಿಮಿಷ, ವಿನಿಸಿಯಸ್ ಒಬ್ಬನೇ ಓಡಿ ಒದ್ದದ್ದನ್ನು ಗೋಲ್‌ಕೀಪರ್ ಪಿಕ್‌ಫರ್ಡ್ ತಡೆದ, ಹಿಂದಿನಿಂದ ಓಡಿಬಂದ ಎಂಡ್ರಿಕ್ ಪುಟಿದ ಚೆಂಡನ್ನು ಒಳಗೆ ತಳ್ಳಿದ. 1-0. ಸುಲಭದ ಗೋಲು ಅಂದವರುಂಟು. ಅಲ್ಲಿಗೆ ಓಡಿ ಬಂದಿದ್ದವನು ಅವನೊಬ್ಬನೇ. ವೆಂಬ್ಲಿಯ ಹಿರಿಯರ ಅಂತರರಾಷ್ಟ್ರೀಯ ಪಂದ್ಯದಲ್ಲಿ ಗೋಲು ಹೊಡೆದ ಅತಿ ಕಿರಿಯ ಅವನಾದ. ಆ ದಿನಗಳಲ್ಲಿ ಅವನು ಇಂಗ್ಲೆಂಡಿನ ಹಳೆಯ ಆಟಗಾರ ಬಾಬಿ ಚಾರ್ಲ್‌ಟನ್ ಹೆಸರು ಹೇಳಿ ಇಂಗ್ಲಿಷರನ್ನು ಬೆರಗಾಗಿಸಿದ. ತಾನು ಹುಟ್ಟುವುದಕ್ಕೆ ಮೂವತ್ತಕ್ಕೂ ಹೆಚ್ಚು ವರ್ಷ ಮುಂಚೆ ಆಟ ಬಿಟ್ಟ ಮನುಷ್ಯ! ಮ್ಯಾಡ್ರಿಡ್‌ನ ಡ್ರೆಸ್ಸಿಂಗ್ ರೂಮಿನಲ್ಲಿ ಆಮೇಲೆ ಅವನಿಗೆ ಬಾಬಿ ಎಂದೇ ಅಡ್ಡಹೆಸರು ಬಿತ್ತು. ಮೂರು ದಿನಕ್ಕೆ ಸ್ಪೇನ್ ಎದುರು, ಮುಂದೆ ತಾನು ಸೇರಬೇಕಾದ ಬರ್ನಬೇವು ಅಂಗಳದಲ್ಲೇ, ಇನ್ನೊಂದು ಗೋಲು.

ಮೇ 30ಕ್ಕೆ ಸ್ಯಾನ್ ಲೊರೆಂಜೊ ಎದುರು ಪಾಲ್ಮೇರಾಸ್ ಪರ ಕೊನೆಯ ಪಂದ್ಯ. ಯಾರೂ ಗೋಲು ಹೊಡೆಯಲಿಲ್ಲ, 0-0. ಸಿನಿಮಾದವರು ಹಾಗೆ ಬರೆಯುತ್ತಿರಲಿಲ್ಲ. ಎಂಡ್ರಿಕ್ ಅತ್ತ, ಗ್ಯಾಲರಿ ಹಾಡಿತು. ಒಟ್ಟು 82 ಪಂದ್ಯ, 21 ಗೋಲು, ಎರಡು ರಾಷ್ಟ್ರೀಯ ಲೀಗ್.

ಮ್ಯಾಡ್ರಿಡ್‌ನ ಮಾತು ಚುಟುಕಾಗಿ ಮುಗಿಸಬಹುದು, ಏಕೆಂದರೆ ಅಲ್ಲಿ ಅವನಿಗೆ ಸಿಕ್ಕ ಹೊತ್ತೂ ಚುಟುಕೇ. ಹದಿನೆಂಟು ತುಂಬಿದ ವಾರದಲ್ಲೇ ಬರ್ನಬೇವುನಲ್ಲಿ ಸ್ವಾಗತ, ಅಲ್ಲೂ ಕಣ್ಣೀರು. ಆಗಸ್ಟ್ 25ಕ್ಕೆ ವಯಾದೊಲಿಡ್ ಎದುರು ಕಡೆಯ ಹತ್ತು ನಿಮಿಷಕ್ಕೆ ಇಳಿದು ಗೋಲು ಹೊಡೆದ. ಸೆಪ್ಟೆಂಬರ್ 17ಕ್ಕೆ ಚಾಂಪಿಯನ್ಸ್ ಲೀಗ್, ಎದುರಿಗೆ ಸ್ಟುಟ್‌ಗಾರ್ಟ್. ಹೆಚ್ಚುವರಿ ನಿಮಿಷಗಳು. ಪ್ರತಿದಾಳಿಯಲ್ಲಿ ಚೆಂಡು ಎಂಡ್ರಿಕ್ ಕಾಲಲ್ಲಿ. ಒಂದು ಬದಿಗೆ ಎಂಬಾಪೆ, ಇನ್ನೊಂದು ಬದಿಗೆ ವಿನಿಸಿಯಸ್, ಇಬ್ಬರೂ ಖಾಲಿ ಜಾಗದಲ್ಲಿ ಓಡುತ್ತಿದ್ದಾರೆ. ಹೊಸಬನಾದವನು ಏನು ಮಾಡಬೇಕು? ವಿಶ್ವಕಪ್ ಗೆದ್ದ ಎಂಬಾಪೆಗೆ ಕೊಟ್ಟು ಕೈಮುಗಿಯಬೇಕು. ಇವನು ಇಬ್ಬರ ಕಡೆಗೂ ನೋಡದೆ ಪೆನಾಲ್ಟಿ ಚೌಕದ ಹೊರಗಿನಿಂದಲೇ ಬಾರಿಸಿದ. ಒಳಗೆ ಹೋಯಿತು. ಹೋಗದಿದ್ದರೆ ಆ ಇಬ್ಬರ ಮುಖ ಹೇಗಿರುತ್ತಿತ್ತೋ! ಅದಾದ ಮೇಲೆ ಬೆಂಚು. ಕಿಂಗ್ಸ್ ಕಪ್‌ನಲ್ಲಿ ಐದು ಗೋಲು ಬಂದವು, ಲೀಗ್‌ನಲ್ಲಿ ಬಾಗಿಲು ತೆರೆಯಲಿಲ್ಲ. 2025ರ ಮೇ ತಿಂಗಳಲ್ಲಿ ತೊಡೆಯ ಪೆಟ್ಟು. ವಾಸಿಯಾಗಿ ಬಂದರೂ ಬೆರಳೆಣಿಕೆಯ ನಿಮಿಷ. ವರ್ಷ ಮುಗಿಯುವಾಗ ಫ್ರಾನ್ಸಿನ ಲಿಯಾನ್ ಕ್ಲಬ್ಬಿಗೆ ಸಾಲದ ಮೇಲೆ ಕಳಿಸಿದರು. ಹತ್ತೊಂಬತ್ತಕ್ಕೆ ಅವನು ಮಾರಾಟವನ್ನೂ ಕಂಡ, ಕಡವನ್ನೂ ಕಂಡ.

ಇನ್ನು ಎಸ್ತೆವಾವ್. ಅವನನ್ನು ಚೆಲ್ಸಿ 2024ರ ಜೂನ್‌ನಲ್ಲೇ ಕೊಂಡುಕೊಂಡಿತು. ಅವನಿಗೂ ಹದಿನೆಂಟರವರೆಗೆ ಅದೇ ಕಾಯುವಿಕೆ, ಅದೇ ಹಸಿರು ಅಂಗಿ, ಅದೇ ಆಬೆಲ್. ಪಾಲ್ಮೇರಾಸ್‌ನವರಿಗೂ ಈಗ ಅಭ್ಯಾಸವಾಗಿತ್ತು, ಹೋಗುವವನನ್ನು ಹೋಗುವವನೆಂದೇ ಪ್ರೀತಿಸಲು ಕಲಿತಿದ್ದರು. 2025ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ವಿಶ್ವ ಕ್ಲಬ್ ಕಪ್ ನಡೆಯಿತು, ಆ ಗೇಲಿಯ ಉಳಿದರ್ಧವನ್ನು ಕಳಚಲು ಒಂದು ಅವಕಾಶ. ಜುಲೈ 4ರಂದು ಫಿಲಡೆಲ್ಫಿಯಾದಲ್ಲಿ ಕ್ವಾರ್ಟರ್ ಫೈನಲ್. ಎದುರಾಳಿ ಚೆಲ್ಸಿ.

ಅಂದರೆ ಹುಡುಗ ತನ್ನನ್ನು ಕೊಂಡವರ ಎದುರೇ ಆಡಬೇಕು. ಅವನ ಮುಂದಿನ ಸಂಬಳದಾತರು ಗ್ಯಾಲರಿಯಲ್ಲಿ, ಮುಂದಿನ ಜೊತೆಗಾರರು ಎದುರು ಅರ್ಧದಲ್ಲಿ, ಮುಂದಿನ ಕೋಚ್ ಗೆರೆಯಾಚೆ. 16ನೇ ನಿಮಿಷಕ್ಕೆ ಪಾಮರ್ ಗೋಲಿನಿಂದ ಚೆಲ್ಸಿ ಮುಂದೆ. 53ಕ್ಕೆ ಬಲಬದಿಯಲ್ಲಿ ಎಸ್ತೆವಾವ್‌ಗೆ ಚೆಂಡು ಸಿಕ್ಕಿತು. ಗೋಲುಗೆರೆಗೆ ತೀರ ಹತ್ತಿರ, ಕೋನವೇ ಇಲ್ಲ, ಅಲ್ಲಿಂದ ಯಾರೂ ಒದೆಯುವುದಿಲ್ಲ. ಅವನು ಒದ್ದ. ಗೋಲ್‌ಕೀಪರ್‌ನ ತಲೆಯ ಮೇಲಿಂದ ಹಾದು ಚೆಂಡು ಅಡ್ಡಪಟ್ಟಿಗೆ ಸವರಿ ಒಳಗೆ ಬಿತ್ತು. ಹುಡುಗ ಕೈ ಚಾಚಿ ಹಸಿರು ಗ್ಯಾಲರಿಯ ಕಡೆ ಓಡಿದ. 83ನೇ ನಿಮಿಷದಲ್ಲಿ ಪಾಲ್ಮೇರಾಸ್‌ನವರಿಗೇ ತಗುಲಿ ಒಳಹೋದ ಚೆಂಡಿನಿಂದ ಚೆಲ್ಸಿ 2-1ರಲ್ಲಿ ಗೆದ್ದಿತು, ಅಬುಧಾಬಿಯದೇ ಅಂಕಿ. ಪಂದ್ಯದ ಶ್ರೇಷ್ಠ ಆಟಗಾರ ಎಂಬ ಗೌರವ ಮಾತ್ರ ಸೋತವರ ಕಡೆಯ ಎಸ್ತೆವಾವ್‌ಗೆ ಹೋಯಿತು. ಕೆಲವು ವಾರಕ್ಕೆ ಅವನು ಲಂಡನ್ನಿಗೆ ಬಂದು ಚೆಲ್ಸಿಯ ನೀಲಿ ಅಂಗಿ ತೊಟ್ಟ. ಆ ಗೋಲನ್ನು ಅಲ್ಲಿನ ಜೊತೆಗಾರರು ಅವನಿಗೆ ಇಷ್ಟು ಬೇಗ ಮರೆಯಲು ಬಿಟ್ಟಿರಲಾರರು.